ಆಯುಷ್ಯ ಮುಗಿದ ಲ್ಯಾಪ್‌ಟಾಪಿನ ಮುಚ್ಚಳ ತೆಗೆಸಿದ್ದರ ಬಗ್ಗೆ

ಲ್ಯಾಪ್‌ಟಾಪ್ ಕಂಪನಿಯ ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಕೂಡ್ಲಿಗಿಯಿಂದ ಗಾಳೆಮ್ಮ ಮಾಡುವ ನಮಸ್ಕಾರಗಳು. ತಾವೂ, ತಮ್ಮ ತಣ್ಣನೆಯ ಕಚೇರಿಯೂ, ಕರೆ ಮಾಡಿದಾಗಲೆಲ್ಲ ಹನ್ನೆರಡು ನಿಮಿಷ ಬಿಡದೆ ಕೇಳಿಸುವ ತಮ್ಮ ಪಿಟೀಲೂ ಕ್ಷೇಮವೆಂದು ನಂಬಿದ್ದೇನೆ.

ನಾನು ಮೂವತ್ತೊಂದು ವರ್ಷ ಹೊಸಹಳ್ಳಿ ಸುತ್ತಿನ ಊರುಗಳಿಗೆ ಅಂಚೆ ಹಂಚಿದವಳು. ಹಗಲಲ್ಲಿ ಯಾರೂ ಮನೆಯಲ್ಲಿ ಸಿಗದ ಕಾರಣ ಹೊಲಕ್ಕೇ ಹೋಗಿ ಕಾಗದ ಕೊಡುತ್ತಿದ್ದೆ. ಹಾಗಾಗಿ ಯಾವ ಹೊಲಕ್ಕೆ ಏನು ಹೆಸರೆಂಬುದು ನನಗೆ ಬಾಯಿಪಾಠವಾಯಿತು. ಸೊಸಿ ಮುನಿಸಿನ ಹೊಲ, ಕರಡಿ ಕುಂತ ದಿಬ್ಬ, ಮೂರು ಕೊಡದ ಮಡಿ. ನಿವೃತ್ತಿಯಾದಾಗ ತಮ್ಮ ಲ್ಯಾಪ್‌ಟಾಪ್ ಕೊಂಡು, ಹನ್ನೊಂದು ವರ್ಷ ಆ ಹೆಸರುಗಳನ್ನೂ ಅವುಗಳ ಕಥೆಗಳನ್ನೂ, ಹೇಳಿದವರ ದನಿಯ ಸಮೇತ, ಅದರಲ್ಲಿ ಕೂಡಿಟ್ಟೆ. ಸಾವಿರದ ನಲವತ್ತು ಹೆಸರುಗಳಾದವು. ಅವುಗಳಲ್ಲಿ ಇನ್ನೂರನ್ನು ಹೇಳಿದ ಕರಿಸಿದ್ದಪ್ಪನವರು ಹೋದ ವರ್ಷ ತೀರಿಕೊಂಡರು. ಮತ್ತೊಮ್ಮೆ ಕೇಳಿ ಬರೆದುಕೊಳ್ಳೋಣವೆಂದರೆ ಅವರಿರುವ ಕಡೆಗೆ ತಮ್ಮ ಸಹಾಯವಾಣಿಯೂ ತಾಗಲಾರದು.

ಇತ್ತೀಚೆಗೆ ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಎಸರಿಟ್ಟು, ಅನ್ನ ಬಸಿದು ಬಂದರೂ ಪರದೆಯ ಚುಕ್ಕೆಗಳು ಇನ್ನೂ ಪ್ರದಕ್ಷಿಣೆ ಹಾಕುತ್ತಲೇ ಇರುತ್ತಿದ್ದವು. ಅವಸರದ ಈ ಕಾಲದಲ್ಲಿ ತಾಳ್ಮೆ ಕಲಿಸುವ ಯಂತ್ರವನ್ನು ಮಾಡಿಕೊಟ್ಟಿದ್ದಕ್ಕೆ ತಮಗೆ ಋಣಿಯಾಗಿದ್ದೆ. ಆದರೆ ಶ್ರಾವಣದಲ್ಲಿ ಒಳಗಿನಿಂದ ಟಕ್ ಟಕ್ ಸದ್ದು ಶುರುವಾದಾಗ ಹೆದರಿ ಕರೆ ಮಾಡಿದೆ. ತಮ್ಮ ಸಿಬ್ಬಂದಿ ಬಹಳ ಸೌಜನ್ಯದಿಂದ, “ಮೇಡಂ, ಈ ಮಾಡೆಲ್‌ನ ಆಯುಷ್ಯ ಮುಗಿದಿದೆ, ಹೊಸದು ತಗೊಳ್ಳಿ. ಬೇರೆಯವರ ಹತ್ತಿರ ಮುಚ್ಚಳ ಮಾತ್ರ ತೆಗೆಸಬೇಡಿ,” ಎಂದರು. ನಾಡಿ ಮುಟ್ಟದೆ ಆಯುಷ್ಯ ಹೇಳಬಲ್ಲ ಇಂಥವರು ಸಿಗುವುದು ಅಪರೂಪವಾದ್ದರಿಂದ, ನನ್ನ ಎಡ ಮೊಣಕಾಲಿಗೆ ಇನ್ನೆಷ್ಟು ವರ್ಷ ಉಳಿದಿದೆಯೆಂದೂ ದಯಮಾಡಿ ಕೇಳಿ ತಿಳಿಸಬೇಕು.

ತಮ್ಮ ಮಾತು ಮೀರಿದ ಅಪರಾಧವನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ. ಕೊಟ್ಟೂರಿನಲ್ಲಿ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವ ತಬಸ್ಸುಮಳ ಅಂಗಡಿಗೆ ಬಸ್ಸಿನಲ್ಲಿ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು ಹೋದೆ. ಆಕೆ ಅದಕ್ಕೆ ಕಿವಿ ಹಚ್ಚಿ ಕೇಳಿ, “ಅಮ್ಮಾರ, ಮಿಷನ್ ಗಟ್ಟಿ ಐತ್ರಿ. ಹಾರ್ಡ್ ಡಿಸ್ಕ್ ಅಷ್ಟ ಹೊಂಟೈತಿ. ಎಸ್‌ಎಸ್‌ಡಿ ಅಂತ ಹೊಸಾ ಡಿಸ್ಕ್ ಬರ್ತೈತಿ, ಅದನ್ನ ಹಾಕಿದ್ರ ಓಡ್ತೈತಿ,” ಎಂದಳು.

ಒಂಬತ್ತು ಸ್ಕ್ರೂಗಳು ಸಲೀಸಾಗಿ ಬಂದವು. ಇನ್ನೆರಡನ್ನು ತಾವು ರಬ್ಬರ್ ಪಾದಗಳ ಅಡಿಯಲ್ಲಿ ನಿಧಿಯಂತೆ ಹುಗಿದಿಟ್ಟಿದ್ದಿರಿ. ಅವುಗಳಲ್ಲೊಂದರ ತಲೆ ಸವೆದು, ಸ್ಕ್ರೂಡ್ರೈವರ್ ಜಾರತೊಡಗಿತು. ಪಕ್ಕದಲ್ಲೇ ಬೋರಿನ ಮೋಟಾರು ರಿಪೇರಿ ಮಾಡುತ್ತಿದ್ದ ಅವಳ ತಂದೆ ಅಬ್ದುಲ್ ವಹಾಬರು ಎದ್ದು ಬಂದು, “ಆರುನೂರು ಅಡಿಯಿಂದ ಮೋಟಾರು ಎತ್ತೀನಿ, ಇದ್ಯಾವ ದೊಡ್ಡದು, ತಾ ಇಲ್ಲಿ,” ಎಂದು ಸೈಕಲ್ ಟ್ಯೂಬಿನ ತುಣುಕೊಂದನ್ನು ಸ್ಕ್ರೂ ತಲೆಯ ಮೇಲಿಟ್ಟು, ಒತ್ತಿ ತಿರುಗಿಸಿದರು. ಬಂದೇಬಿಟ್ಟಿತು.

ತಬಸ್ಸುಮ್ ಹಳೆಯ ಡಿಸ್ಕನ್ನು ಕೇಬಲ್ಲಿನಿಂದ ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ನನ್ನ ಮುಖ ನೋಡಿದಳು. “ಇದು ಯಾವಾಗ ನಿಂತೀತು ಹೇಳಾಕ ಬರಲ್ರಿ. ಮೊದ್ಲು ಯಾವ್ದು ಬೇಕು, ಒಂದ ಹೇಳ್ರಿ.”

ಅದರೊಳಗೆ ನನ್ನ ಅಣ್ಣನ ಮಗ ಅರುಣಕುಮಾರನ ಮದುವೆಯ ವಿಡಿಯೊವೂ ಇತ್ತು. ಬೇರೆಲ್ಲೂ ಪ್ರತಿಯಿಲ್ಲ, ಗಂಡ ಹೆಂಡತಿ ನಂಬಿ ನನ್ನ ಕೈಗೆ ಕೊಟ್ಟಿದ್ದರು. ಆದರೂ “ಹೊಲ,” ಎಂದೆ.

ಒಂದೂವರೆ ತಾಸು ಕೇಬಲ್ ಅಲುಗಾಡದಂತೆ ತಬಸ್ಸುಮ್ ಕೈಯಲ್ಲಿ ಹಿಡಿದೇ ಕೂತಳು, ಊಟಕ್ಕೂ ಏಳಲಿಲ್ಲ. ನಡುವೆ ಎರಡು ಸಲ ಎಲ್ಲ ನಿಂತುಹೋಗಿ ಮತ್ತೆ ಹೊರಟಿತು. ಸಾವಿರದ ನಲವತ್ತೂ ಬಂದವು. ಮದುವೆಯ ವಿಡಿಯೊ ಕಾಲು ಭಾಗ ಬರುವಷ್ಟರಲ್ಲಿ ಟಕ್ ಟಕ್ ನಿಂತಿತು, ಡಿಸ್ಕು ಮತ್ತೆ ಉಸಿರೆತ್ತಲಿಲ್ಲ.

ಅಲ್ಲಿಂದಲೇ ಫೋನು ಮಾಡಿದೆ. ಅರುಣಕುಮಾರನ ಹೆಂಡತಿ ಅಮೃತಾ ಎತ್ತಿದಳು. ವಿಷಯ ಕೇಳಿ, “ಹೋಗ್ಲಿ ಬಿಡ್ರಿ ಅತ್ತಿ. ಮೂರು ತಾಸಿನ ವಿಡಿಯೊದಾಗ ಎರಡು ತಾಸು ಬರೇ ಊಟದ ಪಂಕ್ತಿನ ಐತಿ. ನಮ್ಮ ಮುಖ ನಾವು ದಿನಾ ನೋಡ್ತೀವಲ್ಲ,” ಎಂದು ನಕ್ಕಳು. ಆಮೇಲೆಯೇ ವಹಾಬರು ತರಿಸಿದ್ದ ಚಹಾದ ಲೋಟ ಕೈಗೆತ್ತಿಕೊಂಡೆ.

ತಬಸ್ಸುಮ್ ಎಸ್‌ಎಸ್‌ಡಿ ಹಾಕಿಕೊಟ್ಟ ಮೇಲೆ ಈಗ ಗುಂಡಿ ಒತ್ತಿದರೆ, ನಾನು ಕನ್ನಡಕ ಏರಿಸುವುದರೊಳಗೆ ಪರದೆ ಸಿದ್ಧವಾಗಿರುತ್ತದೆ. ಹೀಗಾಗಿ ತಾಳ್ಮೆಯ ಪಾಠ ತಪ್ಪಿದೆ. ಅನ್ನವನ್ನು ಬೇರೆ ಹೊತ್ತಿನಲ್ಲಿ ಮಾಡಿಕೊಳ್ಳಬೇಕಾಗಿದೆ. ಈ ನಷ್ಟವನ್ನು ತಾವು ಭರಿಸಬೇಕು. ಮುಂದಿನ ಮಾಡೆಲ್‌ಗಳ ಮುಚ್ಚಳಕ್ಕೆ ಸ್ಕ್ರೂ ಬದಲು ವೆಲ್ಡಿಂಗ್ ಮಾಡಿಸಿ, ಮೇಲೆ ಅರಗಿನ ಮುದ್ರೆ ಒತ್ತಿಸಬೇಕೆಂದೂ ಬೇಡುತ್ತೇನೆ. ನಮ್ಮ ಕಡೆಯ ಮೆಕ್ಯಾನಿಕರಿಗೆ ತಾವು ಕೊಡುತ್ತಿರುವ ಕೆಲಸ ತೀರಾ ಸುಲಭವಾಗಿಬಿಟ್ಟಿದೆ.

ಇಂತಿ, ಮುಚ್ಚಳ ತೆಗೆಸಿಯೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಗಾಳೆಮ್ಮ, ಕೂಡ್ಲಿಗಿ

ತಾ.ಕ.: ತಮ್ಮ ಸೇವೆಗೆ ಐದು ನಕ್ಷತ್ರಗಳಲ್ಲಿ ಎಷ್ಟು ಕೊಡುವಿರೆಂದು ಈಗಷ್ಟೇ ಮೊಬೈಲಿಗೆ ಸಂದೇಶ ಬಂದಿದೆ. ಐದನ್ನೂ ತಬಸ್ಸುಮಳ ಅಂಗಡಿಗೆ ಕೊಟ್ಟಾಯಿತು. ಮುಂದಿನ ಸಲ ಆರು ಕಳಿಸಿ, ತಮಗೂ ಒಂದು ಉಳಿದೀತೇನೋ ನೋಡೋಣ.