ಹಳದಿ ತಗಡಿನ ಮೇಲಿನ ಅರವತ್ಮೂರು

ನನಗೆ ಹಠ ಬರುವುದು ಅಪರೂಪ. ಬಂದರೆ ಮಾತ್ರ ಮನೆಮಂದಿಯನ್ನೆಲ್ಲ ಸುಸ್ತು ಮಾಡಿಯೇ ಹೋಗುತ್ತದೆ. ಎಪ್ಪತ್ತರ ದಶಕದಲ್ಲಿ ಚಿಕ್ಕಜಾಜೂರು ಸ್ಟೇಷನ್ನಿನಲ್ಲಿ ಗುಮಾಸ್ತನಾಗಿದ್ದಾಗ ಬಂದದ್ದು ಟೊಮೇಟೊ ಹಠ. ಕ್ವಾರ್ಟರ್ಸಿನ ಹಿಂದೆ ಹನ್ನೆರಡು ಗಿಡ ಹಾಕಿದ್ದೆ. ಅದರ ಹಿಂದಿನ ವರ್ಷ ಎಲೆ ಮುರುಟಿದ್ದಕ್ಕೆ ಗಾಬರಿಯಾಗಿ, ಪಕ್ಕದ ಮನೆಯ ಹನುಮಂತಪ್ಪ ಕೊಟ್ಟ ಔಷಧಿಯನ್ನು ಅಳತೆಯಿಲ್ಲದೆ ಹೊಡೆದಿದ್ದೆ. ಹಣ್ಣು ಬಿಟ್ಟವು, ತಿನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಎಲ್ಲವನ್ನೂ ಗುಂಡಿ ತೋಡಿ ಮುಚ್ಚಿದೆವು. ಹೆಂಡತಿ ಗಿರಿಜ ಆವತ್ತೇ ಹೇಳಿಬಿಟ್ಟಳು: "ನೋಡ್ರಿ, ಇನ್ನೊಂದ್ಸಲ ವಿಷ ಹೊಡೆದ್ರೆ ನೀವೇ ಬೇಯ್ಸಿ ನೀವೇ ಉಣ್ರಿ. ಮಕ್ಕಳ ತಟ್ಟೆಗೆ ನಾನು ಹಾಕಾದಿಲ್ಲ."

ಉಪಾಯ ಹೇಳಿದವರು ಹೊಳಲ್ಕೆರೆ ಕಡೆಯ ಒಬ್ಬ ಗ್ರಾಮಸೇವಕರು. ತಗಡಿಗೆ ಹಳದಿ ಬಣ್ಣ ಬಳಿದು, ಒಣಗಿದ ಮೇಲೆ ಹರಳೆಣ್ಣೆ ಸವರಿ, ಗಿಡದ ತುದಿಯ ಎತ್ತರಕ್ಕೆ ಕಟ್ಟಬೇಕು. ಎಲೆ ಮುರುಟಿಸುವ ಬಿಳಿನೊಣಕ್ಕೆ ಹಳದಿ ಕಂಡರೆ ಆಸೆ. ಬಂದು ಕೂತರೆ ಅಂಟಿಕೊಳ್ಳುತ್ತದೆ. "ಇದು ಹುಳ ಕೊಲ್ಲಾಕಲ್ರಿ, ಎಣ್ಸಾಕೆ. ದಿನಾ ಎಣಿಸ್ರಿ. ಒಮ್ಮೆಲೇ ಜಾಸ್ತಿ ಆದ್ರೆ ಎಲೆ ತಿರುವಿ ಅಡಿಭಾಗ ನೋಡ್ರಿ. ಅಲ್ಲೂ ತುಂಬಿದ್ರೆ ಆಮೇಲೆ ಔಷಧಿ ಮಾತು," ಎಂದರು. ಎಣಿಸಬೇಕು ಎಂಬ ಮಾತು ನನ್ನ ತಲೆಗೆ ಎಷ್ಟು ಗಟ್ಟಿಯಾಗಿ ಕೂತಿತೆಂದರೆ ಉಳಿದ ಮಾತಿಗೆ ಅಲ್ಲಿ ಜಾಗವೇ ಸಿಗಲಿಲ್ಲ.

ಹಳೆಯ ವನಸ್ಪತಿ ಡಬ್ಬಿ ಕತ್ತರಿಸಿ ತಗಡು ಮಾಡಿದೆ. ಬೆಳಗಾದರೆ ಕಾಫಿಗಿಂತ ಮೊದಲು ತಗಡು, ಮೀಸೆ ತಾಗುವಷ್ಟು ಹತ್ತಿರ ಬಗ್ಗಿ. ಐದು, ಏಳು, ನಾಲ್ಕು, ಆರು ಎಂದು ಮಗಳ ಹಳೇ ನೋಟುಬುಕ್ಕಿನಲ್ಲಿ ಬರೆದು ಎಣ್ಣೆ ಹೊಸದಾಗಿ ಸವರುತ್ತಿದ್ದೆ. ಜ್ವರ ಬಂದಾಗ ಕಂಬಳಿ ಹೊದ್ದು ಎಣಿಸಿದೆ. ಹೊಸದುರ್ಗದಲ್ಲಿ ಭಾವಮೈದುನನ ಮದುವೆ. ಧಾರೆಯಾದ ಮೇಲೆ ಊಟಕ್ಕೂ ಕೂರದೆ ಬಸ್ಸು ಹತ್ತಿದೆ. ಗಿರಿಜ ಎರಡು ದಿನ ಮಾತು ಬಿಟ್ಟಳು. ನಾನು ಎಣಿಕೆ ಬಿಡಲಿಲ್ಲ.

ಮೂರನೆಯ ವಾರ ಯಲ್ಲದಕೆರೆಯಿಂದ ಅವ್ವ ಬಂದಳು, ಜೊತೆಗೆ ಅರ್ಧ ಚೀಲ ರಾಗಿ. ಬಂದ ಮೂರನೆಯ ಬೆಳಿಗ್ಗೆ ಎಂದಿನಂತೆ ತಗಡು ಎಣಿಸಿದೆ. ಅರವತ್ಮೂರು! ಮತ್ತೊಮ್ಮೆ ಎಣಿಸಿದೆ. ಅರವತ್ಮೂರೇ. ಓಡಿಹೋಗಿ ಹನುಮಂತಪ್ಪನನ್ನು ಕರೆತಂದೆ. ಆತ ಪಂಪು ಹೆಗಲಿಗೇರಿಸಿಕೊಂಡೇ ಬಂದ. "ಇವತ್ತೇ ಹೊಡ್ದುಬಿಡಾಣ ಸರ್. ನಾಳೆ ಅಂದ್ರೆ ಗಿಡಾನೇ ಇರಾದಿಲ್ಲ." ಗಿರಿಜ ಬಾಗಿಲಲ್ಲಿ ಬಂದು ನಿಂತಳು. ಕಾಯಿಗಳಲ್ಲಿ ಆಗಲೇ ಒಂದೆರಡು ಕೆಂಪಾಗತೊಡಗಿದ್ದವು, ಅವುಗಳನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಲಾಗದೆ ನಾನು ಔಷಧಿ ಕಲಸಲು ಬಕೆಟ್ಟಿಗೆ ಕೈ ಹಾಕಿದೆ.

ಅಷ್ಟರಲ್ಲಿ ಅವ್ವ ಬಂದು ತಗಡಿನ ಮೇಲೆ ಬೆರಳಾಡಿಸಿದಳು. ಬೆರಳನ್ನು ಬೆಳಕಿಗೆ ಹಿಡಿದಳು.

"ಲೇ, ಇದೇನು ಹುಳ ಅಂತೀಯಾ?"

"ಬಿಳಿನೊಣ ಅವ್ವ. ಅರವತ್ಮೂರು ಅವೆ."

"ನಿನ್ ತಲೆ. ರೆಕ್ಕೆ ಎಲ್ಲೈತೋ ಇದಕ್ಕೆ? ನಿನ್ನೆ ಸಂಜೆ ಇಲ್ಲೇ ಕುಂತು ರಾಗಿ ಕೇರಿದ್ನಲ್ಲ, ಅದರ ಹೊಟ್ಟು ಕಣಪ್ಪ ಇದು!"

ಹನುಮಂತಪ್ಪ ಬಗ್ಗಿ ನೋಡಿದ, ಪಂಪು ಕೆಳಗಿಳಿಸಿದ. ಗಿರಿಜ ಸೆರಗು ಬಾಯಿಗೊತ್ತಿ ಒಳಗೋಡಿದಳು. ಅವಳ ನಗು ಅಡುಗೆಮನೆಯಿಂದ ಬಹಳ ಹೊತ್ತು ಕೇಳಿಸುತ್ತಿತ್ತು. ಅವ್ವ ಮಾತ್ರ ನಗಲಿಲ್ಲ. ಒಂದೊಂದೇ ಎಲೆ ತಿರುವುತ್ತಾ ಹೋಗಿ, ಮುರುಟಿದ್ದ ಒಂದು ಗಿಡವನ್ನು ಬೇರುಸಮೇತ ಕಿತ್ತು, "ಇದೊಂದನ್ನ ದೂರ ಒಯ್ದು ಸುಡು, ಉಳಿದವು ಚೆನ್ನಾಗವೆ," ಎಂದಳು. ಆ ವರ್ಷ ಹನ್ನೊಂದು ಗಿಡದ ಹಣ್ಣನ್ನು ಮಕ್ಕಳು ಗಿಡದಿಂದಲೇ ಕಿತ್ತು ತಿಂದರು.

ಮಾರನೆಯ ದಿನದಿಂದ ಎಣಿಸುವ ಕೆಲಸ ಅವ್ವನಿಗೆ ಹೋಯಿತು. ನನಗೆ ಉಳಿದದ್ದು ಪೆನ್ಸಿಲ್ಲು. ಮೊದಲ ಬೆಳಿಗ್ಗೆ ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ: ಬಿಳಿನೊಣ ನಾಲ್ಕು, ಸೊಳ್ಳೆ ಒಂದು, ನಿನ್ ಮೀಸೆ ಕೂದಲು ಎರಡು.