ಇಪ್ಪತ್ತೆಂಟು ಪೌಂಡು ಮತ್ತು ನನ್ನ ಮುಂಗೈ

ಯಾವ ಕೆಲಸವನ್ನೇ ಆಗಲಿ, ಅದನ್ನು ತುಂಡು ತುಂಡಾಗಿ ಬಿಡಿಸಿ, ಒಂದೊಂದು ತುಂಡಿಗೆ ಒಂದೊಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ಗಟ್ಟಿಯಾಗಿ ಕೂಗುತ್ತ ಮಾಡಿದರೆ ಬಾರದೇ ಇರುವುದಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಚಾಮರಾಜನಗರದಲ್ಲಿ ಆಯುಸ್ಸೆಲ್ಲ ಡ್ರಿಲ್ ಮೇಷ್ಟ್ರಾಗಿದ್ದವನ ನಂಬಿಕೆ ಬೇರೆ ಹೇಗಿದ್ದೀತು? ನಿವೃತ್ತನಾದ ಮೇಲೂ ನಮ್ಮ ಮನೆಯಲ್ಲಿ ಏಳುವುದು, ಸ್ನಾನ, ಪೂಜೆ, ಊಟ ಎಲ್ಲವೂ ಸೀಟಿ ಊದಿದ ಹಾಗೆ ನಡೆಯುತ್ತಿದ್ದವು. ಬೆಳಿಗ್ಗೆ ನಾನು ಕೆಮ್ಮಿದರೆ ಪಕ್ಕದ ಮನೆಯವರು ಒಲೆ ಹಚ್ಚುತ್ತಿದ್ದರು. ಒಮ್ಮೆ ನೆಗಡಿಯಾಗಿ ಹೊತ್ತಿಗೆ ಮುಂಚೆಯೇ ಕೆಮ್ಮಿಬಿಟ್ಟೆ. ಆ ಮನೆಯ ತಾಯಿ ಕತ್ತಲಲ್ಲೇ ಎದ್ದು ಮುದ್ದೆ ತೊಳಸಿಟ್ಟು, ಕೋಳಿ ಯಾಕೆ ಇನ್ನೂ ಕೂಗಿಲ್ಲವೆಂದು ಯೋಚಿಸುತ್ತ ಜಗಲಿಯ ಮೇಲೆ ಕೂತಿದ್ದಳಂತೆ. ಇಷ್ಟು ಕಟ್ಟುನಿಟ್ಟಿನ ಮನುಷ್ಯನನ್ನು ಒಂದು ಕಬ್ಬಿಣದ ಗುಂಡು ಹೇಗೆ ತಬ್ಬಿಬ್ಬು ಮಾಡಿತು ಎಂಬುದು ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ಬರೆದರೆ ಅರ್ಥವಾದೀತೇನೋ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಸೇರು, ಮಣ, ಪೌಂಡುಗಳೆಲ್ಲ ಹೋಗಿ ಕಿಲೋಗ್ರಾಂ ಬರುತ್ತದೆಂದು ಜನ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. ಗುಂಡ್ಲುಪೇಟೆಯಲ್ಲಿ ಮಂಡಿ ಇಟ್ಟಿದ್ದ ನನ್ನ ಗೆಳೆಯ ಗುರುಮಲ್ಲಪ್ಪ ಹಳೆಯ ತೂಕದ ಕಲ್ಲುಗಳನ್ನೆಲ್ಲ ಒಂದು ಮೂಲೆಗೆ ಗುಡ್ಡೆ ಹಾಕಿಸುತ್ತಿದ್ದ. ಬಾಯಿಮಾತಿಗೆ ಕಲ್ಲು, ಅಷ್ಟೆ. ಅವು ಎರಕದ ಕಬ್ಬಿಣದ ಗುಂಡುಗಳು, ಎತ್ತಲು ಮೇಲೊಂದು ಹಿಡಿ. ನಾನು ನೋಡನೋಡುತ್ತಿದ್ದ ಹಾಗೆ ಅವನು ಇಪ್ಪತ್ತೆಂಟು ಪೌಂಡಿನ ಒಂದನ್ನು ಒಂದೇ ಕೈಯಲ್ಲಿ ಹಿಡಿದು, ಕಾಲುಗಳ ಮಧ್ಯೆ ಹಿಂದಕ್ಕೆ ತೂಗಿ, ಒಂದೇ ಏಟಿಗೆ ತಲೆಯ ಮೇಲಕ್ಕೆ ಎತ್ತಿ ನಿಂತ. ಹೆಗಲ ಮೇಲಿನ ಟವೆಲ್ಲು ಕೂಡ ಜಾರಲಿಲ್ಲ. ನನ್ನ ವಯಸ್ಸಿನವನೇ, ಹೊಟ್ಟೆ ನನಗಿಂತ ಎರಡರಷ್ಟು. "ಏನ್ ಮೇಷ್ಟ್ರೇ, ಐಕ್ಳಿಗೆಲ್ಲ ಕಸರತ್ತು ಏಳ್ಕೊಟ್ಟೋರು ನೀವು. ಇದೇನ್ ಮಾ ದೊಡ್ಡದಾ ನಿಮ್ಗೆ? ತಕ್ಕೊಂಡೋಗಿ, ಇಲ್ ಬಿದ್ದು ತುಕ್ಕಿಡೀತದೆ" ಎಂದ. ನಾನು ಆ ಗುಂಡನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಪಕ್ಕದಲ್ಲಿ ಕೂತಿದ್ದವರು ಹಲಸಿನ ಹಣ್ಣೇ ಎಂದು ಕೇಳಿದರು. ಹೌದೆಂದೆ.

ಮಾರನೆಯ ಬೆಳಿಗ್ಗೆ ಹಿತ್ತಲಲ್ಲಿ ಆ ಕೆಲಸವನ್ನು ನಾಲ್ಕು ಭಾಗ ಮಾಡಿದೆ. ಒಂದು: ಬಗ್ಗಿ ಹಿಡಿಯುವುದು. ಎರಡು: ಹಿಂದಕ್ಕೆ ತೂಗುವುದು. ಮೂರು: ಮೇಲಕ್ಕೆ ಎತ್ತುವುದು. ನಾಲ್ಕು: ಗುಂಡನ್ನು ಕೈಯ ಹಿಂಬದಿಗೆ ಹೊರಳಿಸಿಕೊಂಡು ನೆಟ್ಟಗೆ ನಿಲ್ಲುವುದು. ಮೂರರ ತನಕ ಸೊಗಸಾಗಿ ನಡೆಯಿತು. ನಾನು ನಾಲ್ಕು ಎಂದು ಬಾಯಿ ತೆರೆಯುವುದರೊಳಗೆ ಗುಂಡು ತಾನೇ ಹೊರಳಿ ಬಂದು, ಮಣಿಕಟ್ಟಿಗೂ ಮೊಣಕೈಗೂ ನಡುವೆ ಧಡ್ ಎಂದು ಬಡಿಯಿತು. ಸಂಖ್ಯೆ ಕೂಗುವ ಮುಂಚೆ ಹೆಜ್ಜೆ ತಪ್ಪಿ ಓಡುವ ಹುಡುಗರನ್ನು ನಾನು ಕಂಡಿದ್ದೆ. ಅವರನ್ನು ಬಿಸಿಲಲ್ಲಿ ನಿಲ್ಲಿಸಬಹುದಿತ್ತು. ಗುಂಡನ್ನು ಏನು ಮಾಡುವುದು? ಬಲಗೈಗೆ ಎಷ್ಟೋ ಎಡಗೈಗೂ ಅಷ್ಟೇ ಎಂಬುದು ನನ್ನ ಇನ್ನೊಂದು ಶಿಸ್ತು. ಆದ್ದರಿಂದ ವಾರ ಮುಗಿಯುವುದರೊಳಗೆ ಎರಡು ಮುಂಗೈಗಳೂ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದವು.

ಗುರುಮಲ್ಲಪ್ಪನಿಗೆ ಹೇಳಿ ಕಳಿಸಿದರೆ, "ಸಡಿಲ ಇಡ್ದಿರ್ತೀರಿ, ಅದ್ಕೆ ಒಡೀತದೆ, ಭದ್ರವಾಗಿ ಇಡ್ಕಳಿ" ಎಂದು ಉತ್ತರ ಬಂತು. ಭದ್ರವಾಗಿ ಹಿಡಿದೆ. ಇನ್ನೂ ಭದ್ರವಾಗಿ ಹೊಡೆಯಿತು. ಆಮೇಲೆ ನಮ್ಮೂರಿನ ಗರಡಿಯ ವಸ್ತಾದಿ ಚೆನ್ನಪ್ಪನ ಹತ್ತಿರ ಹೋದೆ. ಹುಡುಗರಿಗೆ ಕುಸ್ತಿ ಕಲಿಸುವ ಮನುಷ್ಯ. ಕಿವಿಗಳು ಮುದುರಿ ಒಣಗಿದ ಅಣಬೆಯಂತಿದ್ದವು. ಅವನು ನನ್ನ ಕೈ ತಿರುಗಿಸಿ ನೋಡಿ ನಕ್ಕ. "ಇಡೀಬ್ಯಾಡಿ ಮೇಷ್ಟ್ರೇ, ಬುಟ್ಬುಡಿ!"

"ಬಿಟ್ಟರೆ ತಲೆಯ ಮೇಲೆ ಬೀಳುವುದಿಲ್ಲವೇ?"

"ಬೀಳಂಗ್ ಬುಡದಲ್ಲ. ಇಡ್ದೂ ಇಡೀದಂಗಿರ್ಬೇಕು. ಗುಂಡು ಬಂದು ಕೈ ಮ್ಯಾಕೆ ಬೀಳಕ್ ಮುಂಚೆ ಕೈನೇ ಗುಂಡ್ ಸುತ್ತ ಓಗ್ಬುಡ್ಬೇಕು. ಮೈಗೆ ಅತ್ರ ಇರ್ಲಿ. ದೂರ ಬೀಸುದ್ರೆ ದೂರದಿಂದ ಬಂದ್ ಒಡೀತದೆ. ಗೋಡೆ ಮುಂದ್ ನಿಂತ್ಕಂಡ್ ಮಾಡಿ, ತಾನಾಗೇ ಬತ್ತದೆ."

ಹಿಡಿದೂ ಹಿಡಿಯದ ಹಾಗೆ ಎಂಬುದಕ್ಕೆ ಯಾವ ಸಂಖ್ಯೆ ಕೊಡುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ. ಎರಡೂವರೆಯೇ, ಮೂರೂಮುಕ್ಕಾಲೇ? ತೋಚದೆ, ಗೋಡೆಯ ಮಾತನ್ನಾದರೂ ಪಾಲಿಸೋಣವೆಂದು ಹಿತ್ತಲ ಗೋಡೆಗೆ ಮುಖಮಾಡಿ ನಿಂತೆ. ಅದಕ್ಕೆ ನನ್ನ ಹೆಂಡತಿ ಗೌರಮ್ಮ ಬೆರಣಿ ತಟ್ಟಿದ್ದಳು. ಮೊದಲ ಬೀಸಿಗೇ ಗುಂಡು ಗೋಡೆಗೆ ತಾಗಿ, ಮೇಲಿನ ಎರಡು ಸಾಲು ಬೆರಣಿ ನನ್ನ ಹೆಗಲಿಗೆ ಇಳಿದವು. ಗೌರಮ್ಮ ಹೊರಗೆ ಬಂದು ನೋಡಿ, "ಪಿಂಚಣಿ ತಗೊಂಡು ಸುಮ್ನೆ ಕೂತ್ಕೊಳ್ಳೋದು ಅಷ್ಟು ಕಷ್ಟವಾ?" ಎಂದಳು. ನಾನು ಹೆಗಲ ಮೇಲಿನ ಬೆರಣಿ ಕೊಡವಿಕೊಂಡೆ. ಕೊನೆಯ ಉಪಾಯವಾಗಿ, ಡ್ರಿಲ್ ದಿನಗಳಲ್ಲಿ ಕಾಲಿಗೆ ಸುತ್ತುತ್ತಿದ್ದ ಖಾಕಿ ಪಟ್ಟಿಗಳನ್ನು ಪೆಟ್ಟಿಗೆಯಿಂದ ತೆಗೆದು ಕೈಗೆ ಸುತ್ತಿಕೊಂಡೆ. ಕಾಲಿನ ಅಳತೆಗೆ ಕಲಿತ ಬಿಗಿತ ಕೈಗೆ ಹೆಚ್ಚಾಗಿ ಬೆರಳುಗಳು ಬಾಳೆಕಾಯಿಯಂತೆ ಊದಿದವು. ಪೆಟ್ಟು ಮಾತ್ರ ಪಟ್ಟಿಯನ್ನು ದಾಟಿ ಎಂದಿನ ಜಾಗವನ್ನೇ ಹುಡುಕಿಕೊಂಡು ಬಂತು.

ಇಷ್ಟಾದರೂ ಇದು ನನ್ನ ಮತ್ತು ಗುಂಡಿನ ನಡುವಿನ ವ್ಯವಹಾರವಾಗಿಯೇ ಉಳಿದಿತ್ತು. ಅಷ್ಟರಲ್ಲಿ ತೆರಕಣಾಂಬಿಯಿಂದ ಮಹದೇವಪ್ಪ ಬರುತ್ತಾರೆಂದು ಸುದ್ದಿ ಬಂತು. ನಮ್ಮ ಮಗಳು ಪಾರ್ವತಿಗೆ ಅವರ ಮಗನನ್ನು ಕೇಳಿದ್ದೆವು. ಹುಡುಗ, ಹುಡುಗಿ ಒಪ್ಪಿಯಾಗಿತ್ತು. ಹುಡುಗನ ತಂದೆ ಬಂದು ನಮ್ಮ ಮನೆಯ ನಡೆ ನುಡಿ ನೋಡಿ ಮಾತು ಮುಗಿಸುವುದಷ್ಟೇ ಬಾಕಿ. ಇದಕ್ಕೆ ಮುಂಚೆ ಬಂದ ಸಂಬಂಧಗಳು ಏನೇನೋ ಕಾರಣಕ್ಕೆ ತಪ್ಪಿಹೋಗಿ ಗೌರಮ್ಮ ನೊಂದಿದ್ದಳು. ಪಾರ್ವತಿಯಂತೂ ತೆರಕಣಾಂಬಿಯ ಬಸ್ಸು ಹೋಗುವ ಸದ್ದಿಗೆ ಕಿಟಕಿಗೆ ಬರುವಷ್ಟು ಮುಂದುವರಿದಿದ್ದಳು. ಈ ಸಂಬಂಧ ತಪ್ಪಬಾರದು. "ಆ ಕೈ ತೋರಿಸಬೇಡಿ ಅವರಿಗೆ, ನಿಮ್ಮ ದಮ್ಮಯ್ಯ" ಎಂದಳು ಗೌರಮ್ಮ. ನಾನು ಉದ್ದ ತೋಳಿನ ಕೋಟು ತೊಟ್ಟು, ಗುಂಡಿ ಹಾಕಿ ಸಿದ್ಧನಾದೆ.

ಮಹದೇವಪ್ಪ ಬಂದರು. ದೊಡ್ಡ ಮೀಸೆ, ಮೆಲು ಮಾತು. ಬಿರುಬಿಸಿಲಲ್ಲಿ ಕೋಟು ತೊಟ್ಟು ಕೂತ ನನ್ನನ್ನು ನೋಡಿ, "ಮೇಷ್ಟ್ರು ಬಾಳ ಶಿಸ್ತು" ಎಂದು ಮೆಚ್ಚಿದರು. ಎಲ್ಲವನ್ನೂ ಯೋಜನೆ ಮಾಡಿದ್ದ ನಾನು ಒಂದನ್ನೇ ಮರೆತಿದ್ದೆ. ಊಟದ ಹೊತ್ತಾಯಿತು. ನಮ್ಮವರಲ್ಲಿ ಮನೆಗೆ ಬಂದ ಹಿರಿಯರೊಡನೆ ಕೂತು ಲಿಂಗಪೂಜೆ ಮಾಡದೆ ಎಲೆ ಹಾಕುವುದುಂಟೇ? ಮಡಿಯುಟ್ಟು, ಬರಿಮೈಯಲ್ಲಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟು ಕಣ್ಣಿನ ಮಟ್ಟಕ್ಕೆ ಹಿಡಿದು ಕೂರಬೇಕು. ಎದುರಿಗೆ ಕೂತವರಿಗೆ ಮುಂಗೈಯ ಹಿಂಬದಿಯೇ ಕಾಣುವುದು. ಅದು ಬಚ್ಚಲಲ್ಲಿ ಕೋಟು ಬಿಚ್ಚಿದಾಗ ಹೊಳೆಯಿತು. ಗಾಬರಿಯಲ್ಲಿ ವಿಭೂತಿಯನ್ನು ನೀರಿನಲ್ಲಿ ಕಲಸಿ, ಮಣಿಕಟ್ಟಿನಿಂದ ಮೊಣಕೈವರೆಗೆ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದುಕೊಂಡೆ. ಮಹದೇವಪ್ಪ ನನ್ನನ್ನು ನೋಡಿ ಮನಸ್ಸಿನಲ್ಲೇ ಕೈಮುಗಿದಂತೆ ಕಂಡಿತು.

ಪೂಜೆ ಶುರುವಾಯಿತು. ಬಲಗೈಯಿಂದ ಲಿಂಗಕ್ಕೆ ನೀರೆರೆದೆ. ನೀರು ಅಂಗೈಯಿಂದ ಇಳಿದು, ಮುಂಗೈಯ ಹಿಂಬದಿಯಲ್ಲಿ ಸಾಲಾಗಿ ಮೊಣಕೈಗೆ ಹರಿಯಿತು. ಹರಿದ ಕಡೆಯಲ್ಲೆಲ್ಲ ವಿಭೂತಿ ತೊಳೆದು, ಕೆಳಗಿನ ನೇರಳೆ ಕಲೆಗಳು ಒಂದೊಂದಾಗಿ ಹೊರಗೆ ಬಂದವು. ಪೂಜೆಯ ನಡುವೆ ಮಾತಾಡುವ ಹಾಗಿಲ್ಲ. ಮಹದೇವಪ್ಪನವರ ಕಣ್ಣು ತಮ್ಮ ಅಂಗೈಯಿಂದ ನನ್ನ ಕೈಗೆ, ನನ್ನ ಕೈಯಿಂದ ಅಡುಗೆಮನೆಯ ಬಾಗಿಲಿಗೆ ಹೋಗಿ ಬಂತು. ನನ್ನ ಧ್ಯಾನ ಎಲ್ಲಿತ್ತೆಂದು ಶಿವನೇ ಬಲ್ಲ.

ಎಲೆ ಹಾಕುವ ಮುಂಚೆ ಅವರು ನನ್ನ ಹತ್ತಿರ ಸರಿದು ಕೂತರು. "ಮೇಷ್ಟ್ರೇ, ಒಂದ್ ಮಾತು. ತಪ್ ತಿಳೀಬ್ಯಾಡಿ. ಈ ಬಾಸುಂಡೆ... ಮನೇಲಿ ಅಕ್ಕೋರು ಕೈ ಮಾಡ್ತಾರಾ?"

ನನಗೆ ತಕ್ಷಣ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಇನ್ನೂ ದನಿ ತಗ್ಗಿಸಿದರು. "ನಮ್ ಐದ ಸಾದು. ಎಣ್ಣೈದ್ನ ಕೈಯೂ ಇಂಗೇ ಜೋರಾ ಅಂತ." ಐದ ಎಂದರೆ ಅವರ ಮಗ, ಎಣ್ಣೈದ ಎಂದರೆ ನಮ್ಮ ಪಾರ್ವತಿ.

ಬಾಗಿಲ ಹಿಂದಿನಿಂದ ಗೌರಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಆ ಗಳಿಗೆಯಲ್ಲಿ ಸೌಟು ಬೇಡವಾಗಿತ್ತು. "ನಾನಾ? ನಾನು ಹೊಡೆಯೋದಾ? ಅಲ್ಲಣ್ಣಾ, ಹೊಡೆಯೋಳಾಗಿದ್ದರೆ ಇವರ ಜೊತೆ ಮೊದಲನೇ ವರ್ಷವೇ ಹೊಡೆದು ಮುಗಿಸ್ತಿರಲಿಲ್ವಾ?" ಎಂದಳು. ಇದು ನಮ್ಮ ಪಕ್ಷಕ್ಕೆ ಸಹಾಯವಾಗುವ ಮಾತೆಂದು ಅವಳಿಗೆ ಅನ್ನಿಸಿರಬೇಕು. ಒಳಗೆ ಪಾರ್ವತಿ ಬಿಕ್ಕಿದ್ದು ಕೇಳಿಸಿತು.

"ಎಲ್ಲಾ ಆ ಕಬ್ಬಿಣದ ಗುಂಡಿನ ಪೆಟ್ಟು. ಬನ್ನಿ, ಕಣ್ಣಾರೆ ತೋರಿಸ್ತೀನಿ" ಎಂದು ನಾನು ಮಹದೇವಪ್ಪನವರನ್ನು ಹಿತ್ತಲಿಗೆ ಕರೆದುಕೊಂಡು ಹೋದೆ. ಈಗ ನನ್ನ ಮಗಳ ಮದುವೆ ಒಂದು ಪೆಟ್ಟಿನ ಮೇಲೆ ನಿಂತಿತ್ತು. ಇಷ್ಟು ದಿನ ಕೇಳದೆಯೇ ಸಿಕ್ಕ ಪೆಟ್ಟು, ಇವತ್ತೊಂದು ಸಿಕ್ಕರೆ ಸಾಕು. ಸಂಖ್ಯೆ ಕೂಗುವಷ್ಟು ವ್ಯವಧಾನವಿರಲಿಲ್ಲ. ಬಂದು ಹೊಡೆಯಲಿ ಎಂದು ಕೈಯನ್ನು ಸಡಿಲ ಬಿಟ್ಟುಕೊಟ್ಟು, ಗುಂಡನ್ನು ಹಿಂದಕ್ಕೆ ತೂಗಿ ಎತ್ತಿದೆ.

ಗುಂಡು ಮೈಗೆ ಹತ್ತಿರವಾಗಿ ಏರಿ, ತಲೆಯ ಮೇಲೆ ಬಂದು, ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ನನ್ನ ಮುಂಗೈಯ ಮೇಲೆ ಒರಗಿಕೊಂಡಿತು. ಸದ್ದೇ ಇಲ್ಲ. ನಾನು ಕೈ ಮೇಲೆತ್ತಿಕೊಂಡು ಬಾಯಿ ಬಿಟ್ಟು ನಿಂತೆ.

"ಏನೂ ಆಗ್ನಿಲ್ವಲ್ಲ ಮೇಷ್ಟ್ರೇ" ಎಂದರು ಮಹದೇವಪ್ಪ, ಮರುಕದಿಂದ.

"ತಡೀರಿ, ಇದೊಂದ್ಸಲ ತಪ್ಪಿತು" ಎಂದು ಮತ್ತೆ ಎತ್ತಿದೆ. ಮೊದಲಿಗಿಂತ ನಾಜೂಕಾಗಿ ಬಂತು. ಎಡಗೈಯಲ್ಲಿ ಎತ್ತಿದೆ, ಅದೂ ಹೂವಿನಂತೆ. ಬಾಗಿಲಲ್ಲಿದ್ದ ಗೌರಮ್ಮ ಹಲ್ಲು ಕಚ್ಚಿಕೊಂಡು, "ಬೇಕಾದಾಗ ಪೆಟ್ಟು ತಿನ್ನೋಕೂ ಬರಲ್ವಲ್ಲ ನಿಮಗೆ!" ಎಂದಳು. ಅದನ್ನೂ ಮಹದೇವಪ್ಪ ಕೇಳಿಸಿಕೊಂಡರು.

ಅವರು ನನ್ನ ಕೈಯಿಂದ ಗುಂಡನ್ನು ಮೆಲ್ಲಗೆ ಇಳಿಸಿಕೊಂಡು ಕೆಳಗಿಟ್ಟರು. "ಬುಡಿ ಮೇಷ್ಟ್ರೇ, ಯಾಕ್ ಮುಚ್ಕಂಡೀರಿ. ನಾನೂ ಸಂಸಾರಸ್ಥನೇ" ಎಂದು ಅಡುಗೆಮನೆಯ ಕಡೆ ತಿರುಗಿ, ಒಂದಿಷ್ಟು ಭಯಭಕ್ತಿಯಿಂದಲೇ ಅಂದರು: "ಅಕ್ಕಾ, ಎಣ್ಣೈದ್ನ ಕಳ್ಸ್ಕೊಡಿ. ನಮ್ ಐದ ಒತ್ತುಟ್ದ ಮ್ಯಾಗೂ ಆಸ್ಗೆ ಬುಟ್ ಏಳಾಕಿಲ್ಲ. ನಾನ್ ಏಳಿ ಏಳಿ ಸಾಕಾಯ್ತು. ನಿಮ್ಮಂತೋರ್ ಸಾಕಿದ್ ಎಣ್ಣು ಬಂದ್ರಾದ್ರೂ ಎದ್ದಾನು."

ಹೀಗೆ ಸಂಬಂಧ ಕುದುರಿತು. ಗೌರಮ್ಮ ಸಂತೋಷಪಡಬೇಕೋ ಜಗಳವಾಡಬೇಕೋ ತಿಳಿಯದೆ, ಪಾಯಸಕ್ಕೆ ಎರಡು ಸಲ ಬೆಲ್ಲ ಹಾಕಿದಳು. ಮಹದೇವಪ್ಪನವರು ಬಸ್ಸು ಹತ್ತಿದ ಮೇಲೆ ನಾನು ಹಿತ್ತಲಿಗೆ ಓಡಿ, ಕೊನೆಗೂ ಕೈಗೂಡಿದ ವಿದ್ಯೆಯನ್ನು ಶಾಶ್ವತ ಮಾಡಿಕೊಳ್ಳೋಣವೆಂದು, ಆಗ ಏನೇನು ಮಾಡಿದ್ದೆನೋ ಅದನ್ನೆಲ್ಲ ಕ್ರಮವಾಗಿ ನೆನೆದು, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಗಟ್ಟಿಯಾಗಿ ಕೂಗಿ ಎತ್ತಿದೆ. ಧಡ್!

ಮದುವೆಯಾದ ಮೇಲೆ ತೆರಕಣಾಂಬಿಗೆ ಹೋದಾಗಲೆಲ್ಲ ಬೀಗರ ಮನೆಯವರು ಗೌರಮ್ಮನೆದುರು ಗಟ್ಟಿಯಾಗಿ ಉಸಿರು ಬಿಡುವುದಿಲ್ಲ. ನನ್ನನ್ನು ಕಂಡರೆ ಹೆಂಗಸರಿಗೆಲ್ಲ ಅಯ್ಯೋ ಅನ್ನಿಸುತ್ತದೆ. ಪಂಕ್ತಿಯಲ್ಲಿ ಎಲ್ಲರಿಗೂ ಒಂದು ಮಿಳ್ಳೆ ತುಪ್ಪವಾದರೆ ನನ್ನ ಮುದ್ದೆಯ ಗುಳಿಗೆ ಎರಡು ಬೀಳುತ್ತದೆ. ನಿಜ ಸಂಗತಿಯನ್ನು ಬಿಡಿಸಿ ಹೇಳಿಬಿಡಿ ಎಂದು ಗೌರಮ್ಮ ಪ್ರತಿ ಸಲವೂ ಕಣ್ಣಿನಲ್ಲೇ ಗದರುತ್ತಾಳೆ. ಹೇಳಬೇಕೆಂದು ನಾನೂ ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ತುಪ್ಪ ಬಂದಿರುತ್ತದೆ.