ನಾಗಮಂಗಲಕ್ಕೆ ಹೋಗುತ್ತಿದ್ದ ನೀರು

ನಮ್ಮ ಮಾವನಿಗೆ ಹೆದರದ ಮನುಷ್ಯರು ಶ್ರೀರಂಗಪಟ್ಟಣದಲ್ಲಿ ಬೇಕಾದಷ್ಟು ಮಂದಿ ಇದ್ದರು. ಕಟ್ಟಿಕೊಂಡ ಅತ್ತೆಯೇ ಹೆದರುತ್ತಿರಲಿಲ್ಲ. ಆದರೆ ಅವರಿಗೆ ಹೆದರದ ನಲ್ಲಿ ಮಾತ್ರ ಊರಿನಲ್ಲಿ ಒಂದೂ ಇರಲಿಲ್ಲ. ನಲ್ಲಿ ಎಲ್ಲಾದರೂ ಹೆದರುತ್ತದೆಯೇ ಎಂದು ನೀವು ನಗಬಹುದು. ಬೆಳಗಾಗೆದ್ದು ಹಲ್ಲುಜ್ಜಿ, ಹೆಗಲಿಗೊಂದು ಟವೆಲ್ಲು ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಅವರು ಬೀದಿ ನಲ್ಲಿಯ ಮುಂದೆ ನಿಲ್ಲುತ್ತಿದ್ದುದನ್ನು ನೋಡಿದ್ದರೆ ನಗುತ್ತಿರಲಿಲ್ಲ. ನಲ್ಲಿ ಮೊದಲು ಸಣ್ಣಗೆ ಕೆಮ್ಮಿ, ಗೊರಗೊರ ಅಂದು, ಆಮೇಲೆ ತಲೆ ತಗ್ಗಿಸಿಕೊಂಡು ನೀರು ಬಿಡುತ್ತಿತ್ತು.

ಇವರು ನಮ್ಮಮ್ಮನ ಅಣ್ಣ. ನಮ್ಮ ಬೀದಿಯಲ್ಲೇ ಮನೆ. ಪೇಟೆಯಲ್ಲಿ ಹಿಂಡಿ ಬೂಸದ ಅಂಗಡಿ. ಊರಿನ ಅರ್ಧ ಹಸುಗಳ ಹೊಟ್ಟೆ ಅವರ ಕೈಯಲ್ಲಿತ್ತು, ಆದರೂ ಅವರ ಚಿಂತೆಯೆಲ್ಲ ಮನುಷ್ಯರು ಕುಡಿಯುವ ನೀರಿನದು. ಮೊದಲ ಬಿಂದಿಗೆ ನೀರು ದಾಸವಾಳದ ಗಿಡಕ್ಕೆ. ಎರಡನೆಯದು ತುಂಬುವಾಗ ಬೊಗಸೆಯೊಡ್ಡಿ ಬಾಯಿ ತುಂಬಿಸಿಕೊಂಡು, ಕಣ್ಣು ಮುಚ್ಚಿ, ಎಡಗೆನ್ನೆಯಿಂದ ಬಲಗೆನ್ನೆಗೆ, ಬಲಗೆನ್ನೆಯಿಂದ ಎಡಗೆನ್ನೆಗೆ ನಿಧಾನವಾಗಿ ಓಡಾಡಿಸಿ, ಚರಂಡಿಗೆ ಉಗಿದು, ತೀರ್ಪು ಹೇಳುತ್ತಿದ್ದರು.

“ಇವತ್ತು ಬ್ಲೀಚಿಂಗ್ ಪೌಡ್ರು ಒಂದ್ ಚಿಟ್ಕೆ ಜಾಸ್ತಿ ಆಗದೆ. ಕಾಯ್ಸಿ, ಆರ್ಸಿ ಕುಡೀರಿ.”

“ಮೇಲ್ಗಡೆ ಮಳೆ ಬಿದ್ದದೆ, ನೀರು ಕೆಂಪಿಗವೆ. ಪಟಿಕ ಆಡ್ಸಿ ಇಡಿ, ಮಣ್ಣೆಲ್ಲ ತಳಕ್ ಕೂತ್ಕತದೆ.”

ಅವರ ಹಿಂದೆ ಕೊಡ ಬಿಂದಿಗೆ ಹಿಡಿದು ಹೆಂಗಸರ ಸಾಲು. ತೀರ್ಪು ಬರುವ ತನಕ ಯಾರೂ ಹಿಡಿಯುವ ಹಾಗಿಲ್ಲ. ಪಕ್ಕದ ಮನೆಯ ಅಕ್ಕ ಒಬ್ಬರು ತಾಳ್ಮೆಗೆಟ್ಟು, “ಅಣ್ಣ, ಬೇಗ್ ಉಗೀರಿ, ಮಕ್ಳು ಇಸ್ಕೂಲಿಗೋಗ್ಬೇಕು” ಅನ್ನುತ್ತಿದ್ದರು. ಮಾವ ಕಣ್ಣು ಬಿಡದೆಯೇ ಕೈಯೆತ್ತಿ ಸುಮ್ಮನಿರಿಸುತ್ತಿದ್ದರು. ಬಾಯಿ ತುಂಬ ನೀರಿದ್ದಾಗ ಮಾತಾಡಲಾಗುತ್ತದೆಯೇ?

ಅಡುಗೆಮನೆಯ ನಲ್ಲಿಗೆ ಹಳೆ ಪಂಚೆಯ ಚೂರನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿದ್ದರು. ದಿನಾ ಅದನ್ನು ಬಿಚ್ಚಿ ಏನು ಸಿಕ್ಕಿದೆ ಎಂದು ನೋಡುವುದು ಒಂದು ಕೆಲಸ. ಸಾಮಾನ್ಯವಾಗಿ ಒಂದಿಷ್ಟು ಮರಳು, ತುಕ್ಕು. ಒಂದು ಮಳೆಗಾಲದಲ್ಲಿ ಗೊದಮೊಟ್ಟೆ ಸಿಕ್ಕಿತು. ಮಾವನಿಗೆ ಆದ ಸಂತೋಷವನ್ನು ಏನೆಂದು ಹೇಳಲಿ! ಅದನ್ನು ಗಾಜಿನ ಲೋಟದಲ್ಲಿ ಬಿಟ್ಟುಕೊಂಡು ಮನೆ ಮನೆಗೂ ತೋರಿಸಿ, ಕೊನೆಗೆ ಬೀದಿಗೆ ನೀರು ಬಿಡುವವನನ್ನು ಹಿಡಿದು ನಿಲ್ಲಿಸಿದರು.

“ಏನ್ಲಾ ಇದು?”

“ಕಪ್ಪೆ ಮರಿ ಕಣಣ್ಣ.”

“ನೀನು ಬಿಟ್ಟಿದ್ ನೀರ್ನಾಗೆ ಸಿಕ್ದೋನು ಕಣ್ಲಾ ಇವನು. ನೀನೇ ಸಾಕ್ಕೊ.”

ಅವನು ನೇರವಾಗಿ ಮಾವನ ಮನೆಯ ತಾರಸಿ ಹತ್ತಿದ. ಅಲ್ಲಿ ಅಡುಗೆಮನೆಗೆ ನೀರು ಬರುವ ಸಿಮೆಂಟು ತೊಟ್ಟಿ. ನೀರಿಗೆ ಬಿಸಿಲು ಬಿದ್ದರೆ ಒಳ್ಳೆಯದು ಎಂದು ಮಾವನೇ ಅದರ ಮುಚ್ಚಳ ತೆಗೆದಿಟ್ಟು ಎಷ್ಟೋ ಕಾಲವಾಗಿತ್ತು. “ಅಣ್ಣ, ಬಾ ಇಲ್ಲಿ. ಇವನ ಅಣ್ತಮ್ಮಂದ್ರೆಲ್ಲ ಇಲ್ಲೇ ಅವ್ರೆ” ಎಂದು ಅವನು ಮೇಲಿಂದ ಕೂಗಿದ. ಬೀದಿಗೆ ಬೀದಿಯೇ ನಕ್ಕಿತು. ಮಾವ ಒಂದಿಷ್ಟೂ ಅಳುಕಲಿಲ್ಲ. “ನೋಡ್ದೇನ್ಲಾ? ನೀರು ಚೆನ್ನಾಗಿರೋದ್ಕೇ ಬದುಕವೆ” ಅಂದರು. ಅಂದ ಮೇಲೂ ಅವತ್ತೇ ಮುಚ್ಚಳ ಹಾಕಿಸಿದರೆನ್ನಿ.

ಇಂಥವರಿಗೆ ಮಗಳೊಬ್ಬಳಿದ್ದಳು, ಸುಮಿತ್ರ. ಒಬ್ಬಳೇ ಮಗಳು, ಮುದ್ದು. ಗಂಡು ಹುಡುಕುವಾಗ ಬೇರೆಯವರು ಕೆಲಸ ಕೇಳುತ್ತಾರೆ, ಜಮೀನು ಕೇಳುತ್ತಾರೆ, ಗುಣ ಕೇಳುತ್ತಾರೆ. ಮಾವ ನೀರು ಕೇಳುತ್ತಿದ್ದರು. ಕೆ.ಆರ್. ಪೇಟೆ ಕಡೆಯ ಒಂದು ಸಂಬಂಧ ಎಲ್ಲ ಕೂಡಿ ಬಂದಿತ್ತು. ಮನೆ ನೋಡಲು ಹೋದ ಮಾವ ಕಾಫಿಗೂ ಕಾಯದೆ ತಾರಸಿ ಹತ್ತಿ ಇಳಿದು ಬಂದು, ಬಸ್ಸಿನಲ್ಲಿ ಅತ್ತೆಗೆ ಹೇಳಿದರು: “ಬ್ಯಾಡ. ತೊಟ್ಟಿಗೆ ಮುಚ್ಳ ಇಲ್ಲ.”

“ಉಡ್ಗನ್ ನೋಡಕ್ ಓಗಿದ್ರೋ, ತೊಟ್ಟಿ ನೋಡಕ್ ಓಗಿದ್ರೋ?” ಅಂದರು ಅತ್ತೆ.

“ಉಡ್ಗ ಆ ತೊಟ್ಟಿ ನೀರೇ ತಾನೆ ಕುಡ್ದು ಬೆಳೆದಿರೋದು?”

ಕೊನೆಗೆ ನಾಗಮಂಗಲದ ಸಂಬಂಧ ಬಂತು. ಹುಡುಗ ಆದಿಚುಂಚನಗಿರಿ ಕಡೆ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ತಂದೆ ಇಲ್ಲ, ತಾಯಿ ಒಬ್ಬರೇ. ಮಾತು ಕಡಿಮೆ, ಮುಖ ಬಿಗಿ, ನೋಡಿದರೆ ಸ್ವಲ್ಪ ಭಯವಾಗುವಂಥ ಹೆಂಗಸು. ಮನೆ ನೋಡಲು ಹೋದ ದಿನ ನಾನೂ ಜೊತೆಗಿದ್ದೆ. ಮಾವ ನೀರಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಒಂದು ಕಸ ಇಲ್ಲ. ಕುಡಿದರು. ಸಿಹಿ. ಕಾಫಿ ಬಂತು, ಕಾಫಿ ಅಂದರೆ ಕಾಫಿ. ಊಟಕ್ಕೆ ಕೂತರೆ ಸಾರಿನಲ್ಲಿ ತೊಗರಿಬೇಳೆ ಬೆಣ್ಣೆಯ ಹಾಗೆ ಕರಗಿತ್ತು. ಮಾವ ಕೈ ತೊಳೆಯುವ ಮೊದಲೇ “ಆಗ್ಲಿ ಬುಡಿ” ಅಂದುಬಿಟ್ಟರು. ಅತ್ತೆ ನೆಮ್ಮದಿಯಾಗಿ ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಮೋಸ ಯಾರೂ ಮಾಡಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೀಗರಾಗುವವರು ಬರುತ್ತಾರೆ ಎಂದು ಆ ತಾಯಿ ಊರಾಚೆಯ ಸಿಹಿನೀರಿನ ಬಾವಿಯಿಂದ ಬಿಂದಿಗೆ ಬಿಂದಿಗೆ ನೀರು ತರಿಸಿದ್ದರು. ನಮ್ಮ ಕಡೆ ನೆಂಟರು ಬಂದಾಗ ಒಳ್ಳೆ ಅಕ್ಕಿ ತೆಗೆಯುತ್ತೇವಲ್ಲ, ಹಾಗೆ. ಮನೆಯ ನಲ್ಲಿಯಲ್ಲಿ ಬರುತ್ತಿದ್ದುದು ಬೋರಿನ ಗಡಸು ನೀರು. ಅದು ಮಾವನಿಗೆ ಗೊತ್ತಾದದ್ದು ಮದುವೆಯಾಗಿ, ಮಗಳನ್ನು ಕಳಿಸಿಕೊಟ್ಟು, ಮೊದಲ ಸಲ ಅಲ್ಲಿಗೆ ಹೋಗಿ ಬಚ್ಚಲಲ್ಲಿ ಕೈಗೆ ಸೋಪು ಹಚ್ಚಿದಾಗ. ಉಜ್ಜಿದರು, ಉಜ್ಜಿದರು, ನೊರೆ ಬರಲಿಲ್ಲ.

ಮನೆಗೆ ಬಂದು ಜಗಲಿ ಮೇಲೆ ಕೂತವರು ಎದ್ದೇ ಇಲ್ಲ. ಅತ್ತೆ ಸಮಾಧಾನ ಹೇಳಿದರು. “ಅಳಿಯ ಚೆನ್ನಾಗವ್ನೆ. ಅವರಮ್ಮ ಮಾತು ಕಮ್ಮಿ, ಆದ್ರೂ ಒಳ್ಳೇರು. ಇನ್ನೇನು ನಿಮ್ಗೆ?”

“ಬ್ಯಾಳೆ ಬೇಯಾಕಿಲ್ವಲ್ಲೇ. ನನ್ ಮಗ್ಳು ದಿನಾ ಒಲೆ ಮುಂದೆ ಎಷ್ಟೊತ್ತು ನಿಂತ್ಕಬೇಕು?”

ಮುಂದಿನ ಭಾನುವಾರ ಅವರ ಕೈಯಲ್ಲಿ ಬಿಳಿ ಪ್ಲಾಸ್ಟಿಕ್ ಕ್ಯಾನು. ನಮ್ಮ ಬೀದಿಯ ನಲ್ಲಿಯಲ್ಲಿ ಬಂದ ಹೊಳೆ ನೀರು. ಸೋಸಿ, ಕುದಿಸಿ, ಆರಿಸಿ, ಬಿಸಿ ನೀರಲ್ಲಿ ತೊಳೆದ ಕ್ಯಾನಿಗೆ ತುಂಬಿ, ಮುಚ್ಚಳದ ಮೇಲೊಂದು ಬಟ್ಟೆ ಕಟ್ಟಿದ್ದರು. ಈಗೇನು, ಪ್ರತಿ ಮನೆಗೂ ನೀರಿನ ಕ್ಯಾನು ಬರುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ತೊಂಬತ್ತರ ದಶಕದ ಆ ದಿನಗಳಲ್ಲಿ ನೀರು ಹೊತ್ತುಕೊಂಡು ಬಸ್ಸು ಹತ್ತುವವನೆಂದರೆ ಒಂದೋ ಹುಚ್ಚ, ಇಲ್ಲವೇ ಒಳಗಿರುವುದು ನೀರಲ್ಲ.

ಕಂಡಕ್ಟರಿಗೂ ಅದೇ ಅನುಮಾನ. “ಏನ್ ಯಜಮಾನ್ರೇ ಅದು?”

“ನೀರು.”

“ನಾಗಮಂಗ್ಲದಾಗೆ ನೀರಿಲ್ವಾ?”

“ಅವೆ. ಸೋಪು ನೊರೆ ಬರಾಕಿಲ್ಲ.”

ಕಂಡಕ್ಟರು ಮುಚ್ಚಳ ತೆಗೆಸಿ ಮೂಸಿ ನೋಡಿದ. ಅಷ್ಟೇ ಸಾಕಾಯಿತು, ಮಾವ ಕಾವೇರಿ ನೀರಿನ ಗುಣಗಾನ ಶುರುಮಾಡಿದರು. ಬೂಕನಕೆರೆಯವರೊಬ್ಬರು ಹಿಂದಿನ ಸೀಟಿನಿಂದ, ಹೇಮಾವತಿ ನೀರಿನ ಮುಂದೆ ಇದ್ಯಾವ ಲೆಕ್ಕ, ಹೇಮಗಿರಿಗೆ ಹೋಗಿ ಒಂದು ಬೊಗಸೆ ಕುಡಿದು ಆಮೇಲೆ ಮಾತಾಡಿ ಎಂದರು. ಮಾವ ಎದ್ದು ನಿಂತರು. ಪಾಂಡವಪುರದವರು ನಾಲೆ ನೀರಿನ ಪಕ್ಷ ಹಿಡಿದರು. ಒಬ್ಬ ಅಜ್ಜಿ, ನಮ್ಮೂರ ಕೆರೆ ನೀರು ಕುಡಿದೇ ಎಂಟು ಹೆತ್ತೆ ಎಂದು ಎಲ್ಲರ ಬಾಯಿ ಮುಚ್ಚಿಸಿದರು. ಈ ಗಲಾಟೆಯಲ್ಲಿ ಕಂಡಕ್ಟರು ಸೀಟಿ ಊದುವುದನ್ನೇ ಮರೆತದ್ದರಿಂದ, ಜಕ್ಕನಹಳ್ಳಿಯಲ್ಲಿ ಇಳಿಯಬೇಕಾದವರು ಬೈದುಕೊಂಡು ಒಂದು ಫರ್ಲಾಂಗು ಹಿಂದಕ್ಕೆ ನಡೆದರು. ಆಮೇಲೆ ಆ ಬಸ್ಸಿನಲ್ಲಿ ಮಾವನ ಕ್ಯಾನಿಗೆ ಡ್ರೈವರ್ ಹಿಂದೆ ಒಂದು ಜಾಗ ಖಾಯಂ ಆಯಿತು.

ನಮ್ಮವರಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣು ಕೊಟ್ಟ ಮನೆಗೆ ಅಪ್ಪನಾದವನು ಸುಮ್ಮಸುಮ್ಮನೆ ಹೋಗಬಾರದು. ಹಬ್ಬಕ್ಕೆ ಕರೆಯಲು ಹೋಗಬಹುದು, ಬಾಣಂತನಕ್ಕೆ ಕರೆತರಲು ಹೋಗಬಹುದು. ಮಗಳನ್ನು ನೋಡಬೇಕು ಅನ್ನಿಸಿತು ಎಂದು ಹೋದರೆ ನಾಲ್ಕು ಜನ ಆಡಿಕೊಳ್ಳುತ್ತಾರೆ. ಮನೆಯ ಹಿರಿಯರು ಮಾವನನ್ನು ಕೇಳಿಯೇಬಿಟ್ಟರು: “ಅದೇನ್ಲಾ ವಾರ ವಾರ ಬೀಗ್ರ ಮನೆಗೆ ಓಯ್ತೀಯ? ಮರ್ವಾದೆ ಬ್ಯಾಡ್ವಾ?”

“ನಾನೆಲ್ಲಿ ಓಯ್ತೀನಿ? ನೀರು ಓಯ್ತದೆ. ಒತ್ಕೊಂಡೋಗಕೆ ಒಬ್ಬ ಬೇಕಲ್ಲ” ಅಂದರು ಮಾವ.

ನಾವೆಲ್ಲ ಇದನ್ನೂ ಅವರ ಹುಚ್ಚಾಟಗಳ ಪಟ್ಟಿಗೆ ಸೇರಿಸಿ ನಕ್ಕೆವು. ನಾಗಮಂಗಲದಲ್ಲಿ ಅವರ ಕೆಲಸ ಇಷ್ಟೇ: ಕ್ಯಾನು ಇಳಿಸುವುದು, ಅಡುಗೆಮನೆಯ ಬಾಗಿಲಲ್ಲಿ ಕೂತು ಮಗಳು ಮಾಡಿಕೊಟ್ಟ ಕಾಫಿ ಕುಡಿಯುವುದು, ಹೋದ ವಾರದ ಖಾಲಿ ಕ್ಯಾನು ಹಿಡಿದು ಮುಂದಿನ ಬಸ್ಸಿಗೆ ಬಂದುಬಿಡುವುದು. ಪಾಂಡವಪುರದಲ್ಲಿ ನಾನು ಪಾಠ ಹೇಳುತ್ತಿದ್ದ ಶಾಲೆಗೆ ಒಂದು ಸಲ ಬಂದಿದ್ದ ಸುಮಿತ್ರ, “ಅಪ್ಪ ಬಂದ್ರೆ ಬರೀ ನೀರಿನ ವಿಷ್ಯಾನೇ ಮಾತಾಡೋದು ಕಣೆ. ಎದ್ದು ಓಗೋವಾಗ ಮಾತ್ರ ತಲೆ ಮೇಲೆ ಕೈ ಇಡ್ತದೆ” ಅಂದಳು. ನಾನು ಅದಕ್ಕೂ ನಕ್ಕಿದ್ದೆ.

ಒಂದೆರಡು ವರ್ಷ ಹೀಗೇ ಕಳೆಯಿತು. ಆಮೇಲೆ ನಾಗಮಂಗಲದ ಆ ಬೀದಿಗೆ ಹೊಸ ಪೈಪು ಬಂತು. ಶುದ್ಧಿ ಮಾಡಿದ ಹೊಳೆ ನೀರು ಮನೆಯ ನಲ್ಲಿಯಲ್ಲೇ ಬರುತ್ತದೆ ಎಂದು ಅಳಿಯ ಫೋನು ಮಾಡಿ ತಿಳಿಸಿದ. ಅತ್ತೆ ಪಾಯಸ ಮಾಡಿದರು. ಮಾವ ಒಂದು ಚಮಚವೂ ಮುಟ್ಟಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಬೀದಿ ನಲ್ಲಿಗೂ ಬರಲಿಲ್ಲ. ಪಕ್ಕದ ಮನೆಯ ಅಕ್ಕ ಬಿಂದಿಗೆ ಹಿಡಿದು ಕಾದು ಕಾದು, “ಅಣ್ಣಂಗೆ ಉಷಾರಿಲ್ವಾ?” ಎಂದು ವಿಚಾರಿಸಿದರು. ಆಗ ನನಗೆ ಅರ್ಥವಾಯಿತು. ನಲ್ಲಿಯಲ್ಲಿ ಒಳ್ಳೆ ನೀರು ಬಂದಮೇಲೆ ಮಾವ ಇನ್ನು ಯಾವ ಮುಖ ಹೊತ್ತುಕೊಂಡು ಮಗಳ ಮನೆ ಬಾಗಿಲಿಗೆ ಹೋಗುವುದು?

ಭಾನುವಾರ ನಾನೇ ಅವರ ಜೊತೆ ಹೊರಟೆ. ಕ್ಯಾನು ತುಂಬಿಸಿಕೊಂಡಿದ್ದರು. “ಇದೊಂದ್ಸಲ” ಅಂದರು. ದಾರಿಯುದ್ದಕ್ಕೂ ಯಾರು ಕೆಣಕಿದರೂ ಕ್ಯಾನಿನ ಮೇಲಿನ ಬಟ್ಟೆಯನ್ನು ಬಿಗಿ ಮಾಡುತ್ತಲೇ ಕೂತಿದ್ದರು.

ಅಲ್ಲಿ ಸುಮಿತ್ರ ಹಿತ್ತಲ ನಲ್ಲಿ ತಿರುಗಿಸಿ ತೋರಿಸಿದಳು. ಮಾವ ಬೊಗಸೆಯೊಡ್ಡಿ ಬಾಯಿ ತುಂಬಿಸಿಕೊಂಡು ಕಣ್ಣು ಮುಚ್ಚಿದರು. ಎಡಗೆನ್ನೆ, ಬಲಗೆನ್ನೆ. ಅಷ್ಟು ಹೊತ್ತು ಅವರು ಯಾವ ನೀರನ್ನೂ ಬಾಯಲ್ಲಿ ಇಟ್ಟುಕೊಂಡದ್ದನ್ನು ನಾನು ನೋಡಿರಲಿಲ್ಲ. ಉಗಿಯಲಿಲ್ಲ, ನುಂಗಿದರು. ಸೋಪು ಹಚ್ಚಿ ಕೈ ಉಜ್ಜಿದರು. ಮೊಣಕೈ ತನಕ ನೊರೆ ಬಂತು. “ಚೆನ್ನಾಗವೆ ಕಣವ್ವ” ಅಂದರು ಮಗಳಿಗೆ. “ಇನ್ನು ನಾನ್ ತರಾಂಗಿಲ್ಲ.” ಸುಮಿತ್ರ ಸೆರಗಿನ ತುದಿ ಹಿಡಿದು ನಿಂತಿದ್ದಳು.

ಬಾಗಿಲಲ್ಲಿ ಬೀಗಿತ್ತಿ ನಿಂತಿದ್ದರು. ಮದುವೆಯಾದಾಗಿನಿಂದ ಮಾವನ ಜೊತೆ ನಾಲ್ಕು ಮಾತು ಆಡಿದವರಲ್ಲ. ಬಂದು ನಲ್ಲಿಯನ್ನು ನಿಲ್ಲಿಸಿದರು. “ಏನ್ ಚೆನ್ನಾಗವೋ ಬೀಗ್ರೇ, ನಂಗೇನೋ ಔಷ್ದಿ ವಾಸ್ನೆ ಒಡೀತದೆ. ಇದ್ರಾಗೆ ಕಾಫಿ ಮಾಡುದ್ರೆ ನಂಗೆ ಸೇರಾಕಿಲ್ಲ. ನೀವು ತರೋ ನೀರೇ ಆಗ್ಬೇಕು. ವಾರ ತಪ್ಪಿಸ್ಬ್ಯಾಡಿ.”

ನೀರಿನ ವಿಷಯದಲ್ಲಿ ತಪ್ಪು ಮಾತಾಡಿದವರನ್ನು ಮಾವ ಜನ್ಮದಲ್ಲಿ ಬಿಟ್ಟವರಲ್ಲ. ಅವರು ಬೀಗಿತ್ತಿಯ ಬಿಗಿ ಮುಖವನ್ನು ನೋಡಿದರು, ಮಗಳನ್ನು ನೋಡಿದರು. ಮತ್ತೆ ನಲ್ಲಿ ತಿರುಗಿಸಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು ಹೇಳಿದರು: “ಊಂ. ನೀವೇಳುದ್ಮೇಲೆ ಗೊತ್ತಾಯ್ತದೆ. ವಾಸ್ನೆ ಅದೆ.”

ಸುಮಿತ್ರ ಅಡುಗೆಮನೆಗೆ ಓಡಿದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ನನಗಂತೂ ಎರಡೂ ಒಟ್ಟಿಗೆ ಬಂತು. ಬೀಗಿತ್ತಿ ಏನೂ ಆಗಿಲ್ಲವೆಂಬಂತೆ ಕ್ಯಾನು ಎತ್ತಿಕೊಂಡು ಒಳಗೆ ಹೋದರು.

ವಾಪಸು ಬರುವ ಬಸ್ಸಿನಲ್ಲಿ ಮಾವ ಖಾಲಿ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದರು. ಪಾಂಡವಪುರ ದಾಟಿದ ಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಅಂದರು: “ಆ ನಲ್ಲಿ ನೀರು ನಮ್ಮ ನೀರಿಗಿಂತ ಚೆನ್ನಾಗವೆ ಕಣವ್ವ. ಯಾರ್ಗೂ ಏಳ್ಬ್ಯಾಡ.”